ಹುಲಿ ಬಿದ್ದದ್ದು ಮಾರಕ್ಕನ ಪಾಲಿಗೆ

ಶಿರಾದ ಗುಜರಿ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯಿಂದ ಬಂದಿಳಿದ ಮೂಟೆಗಳನ್ನು ಚಿಕ್ಕಹನುಮಕ್ಕ ದಡದಡನೆ ನೆಲಕ್ಕೆ ಸುರಿಯುತ್ತಾರೆ. ಒಡೆದ ಬಕೆಟ್ಟು, ಕಾಲು ಹೋದ ಕುರ್ಚಿ, ಹಲ್ಲುದುರಿದ ಬಾಚಣಿಗೆ. ರಾಶಿಯ ನಡುವೆ ಪೊರಕೆ ಹಿಡಿಯಿಂದ ಒಂದು ಗೆರೆ ಎಳೆಯುತ್ತಾರೆ. ಈ ಕಡೆಯದು ಇವರ ಪಾಲು, ಆ ಕಡೆಯದು ಜೊತೆಗಾರ್ತಿ ಮಾರಕ್ಕನ ಪಾಲು. ಬೇರ್ಪಡಿಸುವಾಗ ಸಿಕ್ಕ ಸಣ್ಣಪುಟ್ಟ ಸಾಮಾನು ಆಯಾ ಪಾಲಿನವರದ್ದು. ಬೇಡವೆಂದು ಬಿಸಾಡಿದರೆ ಎತ್ತಿಕೊಂಡವರದ್ದು. ಈ ಕಾನೂನಿಗೆ ಶೆಡ್ಡಿನ ಮಾಲೀಕರೂ ಎದುರಾಡುವುದಿಲ್ಲ.

ಇದೇ ಗೆರೆ ಈಗ ಚಿಕ್ಕಹನುಮಕ್ಕನ ಹೊಟ್ಟೆಗೆ ಕಿಚ್ಚು ಇಟ್ಟಿದೆ.

ಕೊಳಾಲ ಇವರ ತವರು. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಈ ಶೆಡ್ಡಿಗೆ ಬಂದವರು, ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನೂ ಇಲ್ಲಿಂದಲೇ ಮಾಡಿದ್ದಾರೆ. ದಿನಕ್ಕೆ ನಾಲ್ಕೈದು ಮೂಟೆ ಕೈ ದಾಟುತ್ತದೆ. ಪ್ಲಾಸ್ಟಿಕ್ಕನ್ನು ಕಲ್ಲಿಗೆ ಕುಟ್ಟಿ ಸದ್ದು ಕೇಳುತ್ತಾರೆ, ಉಗುರಿನಿಂದ ಗೀರುತ್ತಾರೆ, ಯಾವ ರಾಶಿಯದೋ ಅಲ್ಲಿಗೆ ಎಸೆಯುತ್ತಾರೆ. ಬಗ್ಗಿಸಿದರೆ ಪಟ್ಟನೆ ಮುರಿಯುವುದೆಲ್ಲ 'ಕಡಕ್' ಮೂಟೆಗೆ. ಆ ಮೂಟೆ ಟೆಂಪೊ ಹತ್ತಿ ಬೆಂಗಳೂರಿಗೆ ಹೋಗಿ, ಮಿಷನ್ನಿನಲ್ಲಿ ಪುಡಿಯಾಗುತ್ತದೆ.

ಹೀಗಿರುವಾಗ ಒಂದು ದಿನ ಯಾವ ರಾಶಿಗೂ ಸೇರದ ತುಂಡೊಂದು ಕೈಗೆ ಬಂತು. ಮೇಲೆ ಕಿರೀಟ, ಕೆಳಗೆ ಓಡುವ ಜಿಂಕೆ, ಹಿಂಬದಿಗೆ ಬಟ್ಟೆಗೆ ಸಿಕ್ಕಿಸುವ ತಗಡಿನ ಎರಡು ಕಾಲು. "ಸದ್ದೂ ಬ್ಯಾರೆ, ವಾಸ್ನೆನೂ ಬ್ಯಾರೆ. ಎಲ್ಲಿಗೆ ಹಾಕೋದು ಅಂತ ಗೊತ್ತಾಗ್ದೆ ಸೆರಗಿಗೆ ಗಂಟಾಕ್ಕೊಂಡೆ," ಎನ್ನುತ್ತಾರೆ. ಮನೆಗೆ ಒಯ್ದು ದೇವರ ದೀಪ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಜಿಂಕೆಯ ಬೆಳ್ಳಿ ಬಣ್ಣವೆಲ್ಲ ಕಿತ್ತುಬಂತು!

ಅದನ್ನು ಗುರುತು ಹಿಡಿದವರು ಬ್ಯಾಂಕಿನ ಎಟಿಎಂ ಕಾಯುವ ಮಾಜಿ ಹವಾಲ್ದಾರ್ ಬಸವಲಿಂಗಯ್ಯ. "ಎರಡನೇ ಮಹಾಯುದ್ಧದಾಗೆ ಹಿತ್ತಾಳೆಯೆಲ್ಲ ಬಂದೂಕಿನ ತೋಟಾ ಮಾಡಕ್ಕೆ ಹೋಯ್ತು ಕಣಮ್ಮ. ಬ್ರಿಟಿಷ್ ಸಿಪಾಯಿಗಳ ಟೋಪಿಗೆ ಇಂಥ ಪ್ಲಾಸ್ಟಿಕ್ ಬಿಲ್ಲೆ ಬಂದ್ವು. ಇಷ್ಟು ವರ್ಷ ಉಳಿದಿದ್ದನ್ನ ನೀನು ತಿಕ್ಕಿ ಮಾನ ಕಳೆದ್ಯಲ್ಲ!" ಎಂದು ಬೈದರು. ಬೈದರೂ ಮೊಬೈಲಿನಲ್ಲಿ ಚಿತ್ರ ಹುಡುಕಿ ಅದು ಯಾವ ಪಲ್ಟನ್ನಿನದೆಂದು ಹೇಳಿದರು. ಅಂದಿನಿಂದ ಇಬ್ಬರಿಗೂ ಅದೇ ಹುಚ್ಚು. ಈ ಬಿಲ್ಲೆಗಳು ಬೆಂಗಳೂರಿನ ದಂಡು ಪ್ರದೇಶದಿಂದ ಯಾರದೋ ಟ್ರಂಕಿನಲ್ಲಿ ಊರಿಗೆ ಬಂದವು, ಅಟ್ಟದ ಮೇಲೆ ದೂಳು ತಿಂದವು, ಈಗ ಗುಜರಿಗೆ ಬೀಳುತ್ತಿವೆ. ಇವರು ಹೆಕ್ಕುತ್ತಾರೆ, ಅವರು ಓದುತ್ತಾರೆ.

ಚಿಕ್ಕಹನುಮಕ್ಕನ ಹಳೇ ಒಗ್ಗರಣೆ ಡಬ್ಬಿಯ ಒಂದೊಂದು ಬಟ್ಟಲಿನಲ್ಲೂ ಈಗ ಒಂದೊಂದು ಬಿಲ್ಲೆ. ಇಂಗ್ಲಿಷು ಓದಲು ಬರದಿದ್ದರೇನು, ತಮ್ಮದೇ ಹೆಸರಿಟ್ಟಿದ್ದಾರೆ: ಜಿಂಕೆ, ಕೊಂಬು, ಬೆಂಕಿ ಉಂಡೆ. ನಕಲಿ ಬಿಲ್ಲೆಗಳೂ ಬರುತ್ತವಂತೆ. ಹೆಬ್ಬೆರಳಲ್ಲಿ ಗಸಗಸ ಉಜ್ಜಿ ಮೂಗಿಗೆ ಹಿಡಿದು, ಹುಳಿ ಹುಳಿ ನಾತ ಬಂದರೆ ಹಳೇದು ಎಂಬುದು ಇವರ ಲೆಕ್ಕ. ನಡುವಿನ ಬಟ್ಟಲೊಂದು ಮಾತ್ರ ಖಾಲಿ. ಅದು ಹುಲಿಗೆ. ಬಸವಲಿಂಗಯ್ಯ ಮೊಬೈಲಿನಲ್ಲಿ ತೋರಿಸಿದ ಹುಲಿ, ಅದರ ತಲೆಯ ಮೇಲೆ 'ಹಿಂದೂಸ್ತಾನ್' ಎಂದು ಬರೆದಿದೆ. "ನಮ್ಮ ದೇಸದ ಹೆಸರು ಅವರ ಟೋಪಿನಾಗೆ! ಅದೊಂದು ಸಿಕ್ಬುಟ್ರೆ ಸಾಕು ಅಂತ ಕಂಡ ದೇವ್ರಿಗೆಲ್ಲ ಕೈ ಮುಗ್ದಿದೀನಿ."

ದೇವರು ಕೊಟ್ಟ. ಗೆರೆಯ ಆಚೆಗೆ ಕೊಟ್ಟ. ಕಳೆದ ವಾರ ಮಧುಗಿರಿಯ ಮೂಟೆಯಿಂದ ಉರುಳಿದ ಕಂದು ಬಣ್ಣದ ಹುಲಿ ಮಾರಕ್ಕನ ಕಾಲ ಬುಡದಲ್ಲಿ ನಿಂತಿತು. ಮಾರಕ್ಕನಿಗೆ ಬಿಲ್ಲೆಯ ಹುಚ್ಚೂ ಇಲ್ಲ, ಯುದ್ಧದ ಗೊಡವೆಯೂ ಇಲ್ಲ. ಚಂದ ಕಂಡಿತೆಂದು ಪಿನ್ನು ಕಟ್ಟಿಕೊಂಡು ತುರುಬಿಗೆ ಸಿಕ್ಕಿಸಿಕೊಂಡರು! ಅಂದಿನಿಂದ ಚಿಕ್ಕಹನುಮಕ್ಕನಿಗೆ ಅನ್ನ ಸೇರುತ್ತಿಲ್ಲ. ಮಾರಕ್ಕ ಬಗ್ಗಿದರೆ ಹುಲಿ, ಎದ್ದರೆ ಹುಲಿ. ಗೋಡೆ ಪಕ್ಕದ ನೆರಳಿನ ಜಾಗವೂ ಅವಳಿಗೇ, ಒಳ್ಳೇ ಸೊಸೆಯೂ ಅವಳಿಗೇ, ಈಗ ಹುಲಿಯೂ ಅವಳಿಗೇ. ಹಾಳಾದವಳ ಅದೃಷ್ಟವೇ!

ಇವತ್ತು ಈ ಬಿಲ್ಲೆಗಳ ಫೋಟೋ ತೆಗೆಯಲು ಪತ್ರಿಕೆಯ ಫೋಟೋಗ್ರಾಫರ್ ಕಿರಣ್ ಕುಮಾರ್ ಬಂದಿದ್ದಾರೆ. ಚಿಕ್ಕಹನುಮಕ್ಕ ಹೊಸ ಸೀರೆಯುಟ್ಟು ಡಬ್ಬಿ ತೆರೆದು ಕೂತಿದ್ದಾರೆ. ಕ್ಯಾಮೆರಾ ಮಾತ್ರ ಮಾರಕ್ಕನ ತುರುಬಿನ ಕಡೆ ತಿರುಗುತ್ತದೆ.

"ಅಮ್ಮ, ಆ ಹುಲಿ ಅಸಲಿಯಾ? ಅಸಲಿ ಆದ್ರೆ ಅವರನ್ನೇ ಮುಂದೆ ಕೂರಿಸ್ತೀನಿ."

ಚಿಕ್ಕಹನುಮಕ್ಕ ಹುಲಿಯನ್ನು ಕೈಗೆ ತೆಗೆದುಕೊಂಡು ಉಜ್ಜಿ ಮೂಸುತ್ತಾರೆ. ಹುಳಿ ನಾತ ಗಮ್ಮೆನ್ನುತ್ತದೆ. ಆದರೂ ಬಾಯಿಂದ ಬರುವುದೇ ಬೇರೆ. "ನಕಲಿ. ಮಕ್ಕಳ ಆಟದ ಸಾಮಾನು."

"ಥೂ! ಇದ್ನ ಮುಡ್ಕೊಂಡು ಸಂತೆಗೆಲ್ಲ ಓಗಿದ್ನಲ್ಲ!" ಮಾರಕ್ಕ ಮುಖ ಸಣ್ಣದು ಮಾಡಿಕೊಂಡು ಹುಲಿಯನ್ನು ಕಿತ್ತುಕೊಂಡು ಕಡಕ್ ಮೂಟೆಗೆ ಎಸೆಯುತ್ತಾರೆ. ಎಲ್ಲರೂ ಅತ್ತ ತಿರುಗಿದ ಮೇಲೆ ಎತ್ತಿಕೊಂಡರಾಯಿತೆಂದು ಚಿಕ್ಕಹನುಮಕ್ಕ ಕಾಯುತ್ತಾರೆ. ಅಷ್ಟರಲ್ಲಿ ಹಮಾಲಿ ದಬ್ಬಳ ಹಿಡಿದು ಮೂಟೆಯ ಬಾಯಿ ಹೊಲಿದೇಬಿಡುತ್ತಾನೆ, ಎತ್ತಿ ಟೆಂಪೊಗೆ ಹಾಕುತ್ತಾನೆ. ಟೆಂಪೊ ಸ್ಟಾರ್ಟ್ ಆಗುತ್ತದೆ.

"ತಡ್ಕಳ್ರಪ್ಪೋ! ಅಯ್ಯೋ, ತಡ್ಕಳ್ರೋ!"

ಹೊಸ ಸೀರೆ ಹರಿದರೂ ಲೆಕ್ಕಿಸದೆ ಟೆಂಪೊ ಹತ್ತಿ, ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಮೂಟೆಯನ್ನು ಅಲ್ಲೇ ಬೋರಲು ಹಾಕುತ್ತಾರೆ. ಹುಲಿ ಸಿಕ್ಕುತ್ತದೆ. ಕಿವಿ ಕೂಡ ಮುಕ್ಕಾಗಿಲ್ಲ.

"ಅಸಲಿ ಕಣ್ರಪ್ಪ ಇದು. ನಾನೇ ಸುಳ್ ಹೇಳ್ದೆ. ಹೊಟ್ಟೆಕಿಚ್ಚಿಗೆ ಹೇಳ್ದೆ."

ಹಮಾಲಿ ನಗುತ್ತಾನೆ. "ಬಿಸಾಕಿದ್ದು ಎತ್ಕೊಂಡೋರ್ದು. ಈಗ ನಿಂದೇ ಬುಡಮ್ಮ."

ಮಾರಕ್ಕ ಬರಿದಾದ ತುರುಬನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಕಣ್ಣು ಕೆಂಪಗಾಗಿದೆ. "ನಾನೇ ಬಿಸಾಕಿದ್ದು. ನೀನೇ ಮಡಿಕ್ಕೊ ಓಗು," ಎನ್ನುತ್ತಾರೆ.

ಖಾಲಿ ಬಟ್ಟಲು ತೆರೆದೇ ಇದೆ. ಚಿಕ್ಕಹನುಮಕ್ಕ ಅದನ್ನೊಮ್ಮೆ ನೋಡುತ್ತಾರೆ, ಹುಲಿಯನ್ನೊಮ್ಮೆ ನೋಡುತ್ತಾರೆ. ಆಮೇಲೆ ಮಾರಕ್ಕನ ತಲೆಯನ್ನು ತಮ್ಮ ಕಡೆ ಎಳೆದುಕೊಂಡು, ಅವರು 'ಅಯ್ಯೋ' ಎನ್ನುವಷ್ಟು ಬಿಗಿಯಾಗಿ ಹುಲಿಯನ್ನು ತುರುಬಿಗೆ ಸಿಕ್ಕಿಸುತ್ತಾರೆ.

"ಸುಳ್ ಹೇಳಿ ತಂದಿದ್ನ ಇದ್ರಾಗೆ ಇಟ್ರೆ, ಮಿಕ್ಕಿದ್ದ ಬಿಲ್ಲೆಗೋಳ ಮಕ ಹೆಂಗಮ್ಮ ನೋಡ್ಲಿ? ನೀನೇ ಇಟ್ಕೋ. ಹುಣಸೆಹಣ್ಣಾಕಿ ಮಾತ್ರ ತಿಕ್ಬ್ಯಾಡ, ಸಾಯಿಸ್ಬುಡ್ತೀನಿ."

ಹೊಟ್ಟೆಕಿಚ್ಚು ಆರಿತಾ ಎಂದು ಕಿರಣ್ ಕುಮಾರ್ ಕೇಳುತ್ತಾರೆ.

"ಎಲ್ಲಾದ್ರೂ ಉಂಟೇನಪ್ಪ? ಇನ್ನೂ ಧಗಧಗ ಅಂತೈತೆ," ಎನ್ನುತ್ತಾ ಚಿಕ್ಕಹನುಮಕ್ಕ ಹರಿದ ಸೆರಗನ್ನು ಒಳಗೆ ಮಡಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾಮೆರಾಗೆ ನೆಟ್ಟಗೆ ಕೂರುತ್ತಾರೆ. ಹಿಂದೆ ಬಂದು ನಿಂತ ಮಾರಕ್ಕನನ್ನು ಓರೆಗಣ್ಣಿಂದ ನೋಡಿ ದನಿ ತಗ್ಗಿಸುತ್ತಾರೆ.

"ನಂದೊಂದು ಆಸೆ ಐತೆ ಕಣಪ್ಪ. ಪೇಪರ್ನಾಗೆ ನನ್ನ ಮಕ ದೊಡ್ಡದಾಗಾಕು, ಅವಳ್ದು ಸಣ್ಣಕ್ಕಾಕು. ಹುಲಿ ಮಾತ್ರ ಚೆಂದಾಗಿ ಕಾಣ್ಲಿ."