ಮೆಲ್ಲಗ ಕುಟ್ಟು

ನಾನು ಚಿಕ್ಕವಳಿದ್ದಾಗ ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು, ನನ್ನ ಕೈಯಲ್ಲೊಂದು ಸೂಜಿ ಇತ್ತು. ನಾನು ಹೇಳಹೊರಟಿರುವುದು ಆ ಸೂಜಿಯ ಕತೆ.

ಅಕ್ಕ ಹೆರಿಗೆಗೆಂದು ತವರಿಗೆ ಬಂದವಳು ಇನ್ನೂ ನಮ್ಮಲ್ಲೇ ಇದ್ದಳು. ಅವಳನ್ನು ಕೊಟ್ಟದ್ದು ಕಲ್ಯಾಣದುರ್ಗದ ಆಚೆಯ ಹಳ್ಳಿಗೆ. ಆ ಮನೆಯವರದು ತೆಲುಗು ಮಾತು. ಅವತ್ತು ಅಕ್ಕನ ಅತ್ತೆ ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯಲು ಬಂಡಿಯಲ್ಲಿ ಬಂದಿಳಿದಿದ್ದರು. ಮರುದಿನ ಬೆಳಿಗ್ಗೆ ಹೊರಡಬೇಕು. ಕೂಸಿನ ಜೊತೆ ತವರಿನ ಕೌದಿ ಹೋಗಲೇಬೇಕು, ಅದು ನಮ್ಮ ಕಡೆಯ ಪದ್ಧತಿ.

ಕೌದಿ ಎಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ನಮ್ಮ ಕೌದಿಯ ಒಳಗೆ ಅಪ್ಪನ ಸವೆದ ಧೋತರವಿತ್ತು, ಮೇಲೆ ಅವ್ವನ ಮದುವೆ ಸೀರೆಯ ಚೂರುಗಳಿದ್ದವು. ಮೂಗಿಗೆ ಹಿಡಿದರೆ ಸೀಗೆಕಾಯಿ ಮತ್ತು ಒಲೆಯ ಹೊಗೆ ಎರಡೂ ಸೇರಿದ ವಾಸನೆ. ಅಂಚಿನಿಂದ ಒಳಗೆ ಸುತ್ತಿ ಸುತ್ತಿ ಬರುವ ಹೊಲಿಗೆಯನ್ನು ಅವ್ವ ಮುಗಿಸಿದ್ದಳು. ನಡುವಿನ ಗಾಲಿಯೊಂದು ಉಳಿದಿತ್ತು. ಅದರಲ್ಲಿ ಮುಕ್ಕೋನದ ತುಂಡುಗಳನ್ನು ದುಂಡಗೆ ಜೋಡಿಸಬೇಕು. ಎಲ್ಲ ತುಂಡುಗಳ ಚೂಪು ತುದಿಗಳೂ ನಡುವೆ ಒಂದೇ ಕಡೆ ಬಂದು ಕೂಡಬೇಕು.

ಗಾಲಿಯನ್ನು ನಾನೇ ಹೊಲಿಯುತ್ತೇನೆಂದು ಓಣಿಯ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವ್ವ ಹುಬ್ಬೇರಿಸಿ, "ಹೊಲಿಯವ್ವ ಹೊಲಿ. ಆಮ್ಯಾಲ ಅತ್ಕೋತ ನನ್ನ ಹತ್ರ ಬರಬ್ಯಾಡ ಮತ್ತ" ಎಂದು ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿದ್ದಳು.

ಪಡಸಾಲೆಯ ಕಲ್ಲುಹಾಸಿನ ಮೇಲೆ ಕೂತೆ. ಬೆಟ್ಟದ ಬಂಡೆಗಳು ಕಾದು, ಅಲ್ಲಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮೊದಲ ತುಂಡುಗಳು ಹೇಳಿದ ಮಾತು ಕೇಳಿದವು. ಕೊನೆಯದು ಕೇಳಲಿಲ್ಲ. ಎಳೆದು ಹೊಲಿದರೆ ನಡುವೆ ಗಂಟಾಗಿ ಉಬ್ಬುತ್ತಿತ್ತು, ಸಡಿಲ ಬಿಟ್ಟರೆ ತೂತು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಬಟ್ಟೆಯ ಅಂಚು ಎಳೆ ಬಿಟ್ಟಿತು. ಬೆವರಿಗೆ ಸೂಜಿ ಜಾರತೊಡಗಿತು. ಕೊನೆಗೆ ಕೌದಿಯನ್ನು ಮುದ್ದೆ ಮಾಡಿ ನೆಲಕ್ಕೆ ಹಾಕಿ, ಮುಷ್ಟಿ ಕಟ್ಟಿ ಗುದ್ದಿದೆ. ಹಲ್ಲು ಕಚ್ಚಿ ಗುದ್ದುತ್ತಲೇ ಇದ್ದೆ.

ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕನ ಅತ್ತೆ, ಕೈಯಲ್ಲಿ ನೀರಿನ ಚೊಂಬು.

"ಕುಟ್ಟು ತಲ್ಲಿ," ಎಂದರು. "ಮೆಲ್ಲಗ ಕುಟ್ಟು."

ತೆಲುಗಿನಲ್ಲಿ ತಲ್ಲಿ ಎಂದರೆ ತಾಯಿ, ಕುಟ್ಟು ಎಂದರೆ ಹೊಲಿ ಎಂದರ್ಥ. ಅದು ನನಗೆ ತಿಳಿಯದ್ದೇನಲ್ಲ. ಪೇಟೆಯ ದರ್ಜಿಯ ಮುಂದೆ ಎಷ್ಟೋ ಸಲ ಕೇಳಿದ್ದೆ. ಆದರೆ ಸಿಕ್ಕಿಬಿದ್ದವಳ ಕಿವಿಗೆ ಕೇಳಿಸಿದ್ದು ಕನ್ನಡ ಮಾತ್ರ. ಖಾರ ಕುಟ್ಟುವ ಹಾಗೆ ಕುಟ್ಟು ಎಂದು ನನ್ನನ್ನು ಅಣಕಿಸುತ್ತಿದ್ದಾರೆ ಅನ್ನಿಸಿತು. ಕಿವಿ ಬಿಸಿಯಾಯಿತು. ಎಲ್ಲವನ್ನೂ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿ, ಒಣಗಿದ ಶೇಂಗಾ ಬಳ್ಳಿಯ ಬಣವೆಯ ಹಿಂದೆ ಮೊಣಕಾಲಿನಲ್ಲಿ ಮುಖವಿಟ್ಟು ಕೂತೆ.

ತುಸು ಹೊತ್ತಿಗೆ ಅಕ್ಕ ಬಂದಳು.

"ಯಾಕ ಇಲ್ಲಿ ಬಂದು ಕುಂತಿ?"

"ನಿಮ್ಮತ್ತಿ ನನ್ನ ಅಣಕಿಸಿದ್ರು. ಕುಟ್ಟು ಕುಟ್ಟು ಅಂದ್ರು."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಚ್ಚಿ, ಹೊಲಿ ಅಂದಾರ. ಹೊಸದಾಗಿ ಹೋದಾಗ ಕುಬಸ ಕುಟ್ಟು ಅಂದಿದ್ದಕ್ಕ ನಾ ಒನಕಿ ಹುಡುಕಿದ್ದೆ, ಗೊತ್ತೇನು? ಏಳು. ಕೂಸು ಆಗಲೇ ನಿನ್ನ ಕೌದಿ ಮ್ಯಾಲ ಮಲಗೇತಿ, ಬಾ ನೋಡು."

ನನ್ನ ಕೈ ನೋಡಿಕೊಂಡೆ. ಸೂಜಿ ಇರಲಿಲ್ಲ. ಗುದ್ದುವಾಗ ಅದು ಕೌದಿಯಲ್ಲೇ ಚುಚ್ಚಿಕೊಂಡಿತ್ತು.

ಓಡಿದೆ. ಪಡಸಾಲೆಯಲ್ಲಿ ಅವ್ವನೂ ಅತ್ತೆಯೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಿದ್ದರು. ಅವ್ವನ ಮುಖ ನೋಡಿದೊಡನೆ ತಿಳಿಯಿತು, ನಾನು ಗುದ್ದಿದ ಸಂಗತಿಯನ್ನು ಅತ್ತೆ ಅವಳಿಗೆ ಹೇಳಿರಲಿಲ್ಲ. ಸೂಜಿಯ ಮಾತೆತ್ತಿದರೆ ನಾನೇ ಹೇಳಬೇಕಾಗುತ್ತಿತ್ತು. ಕೂಸನ್ನು ಎತ್ತಿಕೊಂಡೆ. ಅದು ಕಿಟಾರನೆ ಕಿರುಚಿತು.

"ಮಲಗಿದ ಕೂಸನ್ನ ಯಾಕ ಎತ್ತಿದಿ?" ಎಂದಳು ಅವ್ವ.

"ಕೌದ್ಯಾಗ ಸೂಜಿ ಐತಿ," ಎಂದೆ. "ಸಿಟ್ಟು ಬಂದು ಗುದ್ದಿದೆ. ಒಳಗ ಹೋಗೇತಿ."

ಅವ್ವ ಬೈಯಲಿಲ್ಲ. ಬೀಗತಿಯ ಎದುರು ತಲೆ ತಗ್ಗಿಸಿ, "ಏನೂ ತಿಳ್ಕೋಬ್ಯಾಡ್ರಿ" ಎಂದಳು, ತಾನೇ ಗುದ್ದಿದವಳ ಹಾಗೆ. ಅಷ್ಟು ಹೊತ್ತು ನನ್ನದಾಗಿದ್ದ ನಾಚಿಕೆ ಈಗ ಅವಳ ಮುಖದಲ್ಲಿತ್ತು. ಅದನ್ನು ನೋಡಲಾರದೆ ಕೂಸಿನ ಕುಲಾವಿಯನ್ನು ನೋಡುತ್ತ ನಿಂತೆ.

ಅತ್ತೆ ಕೌದಿಯನ್ನು ಹಾಸಿ ಅಂಗೈಯಿಂದ ಮೆಲ್ಲಗೆ ಸವರುತ್ತ ಬಂದರು. ಗಾಲಿಯ ಹತ್ತಿರ ಕೈ ನಿಂತಿತು. ನನ್ನ ಹೊಲಿಗೆ ಬಿಚ್ಚಿದಾಗ ಧೋತರದ ಪದರದ ನಡುವೆ ಸೂಜಿ ಮಲಗಿತ್ತು. ಅದನ್ನು ಹೊರಗೆಳೆದು ನನ್ನ ಕಡೆಗೆ ಚಾಚಿದರು.

"ಈಗ ಕುಟ್ಟು."

ಕೌದಿ ಮುಚ್ಚುವ ಮುಂಚೆ ಅದರ ಹೊಟ್ಟೆಗೆ ರೊಟ್ಟಿಯ ಚೂರೊಂದನ್ನು ಇಡುತ್ತಿದ್ದೆವು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವ್ವ ರೊಟ್ಟಿ ತಂದಳು. ತುದಿಗಳು ಕೂಡದೆ ಉಳಿದ ತೂತಿನಲ್ಲೇ ಅದನ್ನಿಟ್ಟು, ಮೇಲೆ ದುಂಡನೆಯ ಕೆಂಪು ತುಂಡೊಂದನ್ನು ಇಟ್ಟರು ಅತ್ತೆ. "ಗಾಲಿಗೆ ನಡುವ ಅಚ್ಚು ಕೂಡೋ ಗುಂಬ ಇರಬೇಕಲ್ರಿ" ಎಂದು ಅವ್ವನ ಕಡೆ ನೋಡಿದರು. ಅವ್ವ ಆಗ ತಲೆ ಎತ್ತಿದಳು. ನಾನು ಸುತ್ತ ಹೊಲಿದೆ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗೆ ಹೋಯಿತು. ಯಾರೂ ಬಿಚ್ಚು ಎನ್ನಲಿಲ್ಲ.

ಆಮೇಲೆ ಅಕ್ಕನ ಊರಿಗೆ ಹೋದಾಗಲೆಲ್ಲ ಅತ್ತೆ ಬಂದವರಿಗೆ ಆ ಕೌದಿಯನ್ನು ತೋರಿಸಿ, "ಮಾ ಚಿನ್ನಪಿಲ್ಲ ಕುಟ್ಟಿಂದಿ" ಎನ್ನುತ್ತಿದ್ದರು, ನಮ್ಮ ಚಿಕ್ಕ ಹುಡುಗಿ ಹೊಲಿದದ್ದು ಎಂದು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಗುದ್ದಿದ ಮಾತನ್ನು ಅವರು ಕೊನೆಯವರೆಗೂ ಯಾರ ಮುಂದೆಯೂ ಆಡಲಿಲ್ಲ.

ಮಕ್ಕಳೇ, ನಿಮ್ಮ ರಜಾಯಿ ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಯಿಂದ ಬರುತ್ತದೆ. ನಮ್ಮ ಓಣಿಯಲ್ಲೇ ಈಗ ಜೀನ್ಸ್ ಪ್ಯಾಂಟು ಹೊಲಿಯುವ ಮಷೀನುಗಳು ಬೆಳಗಿನಿಂದ ಗಿರಗುಟ್ಟುತ್ತವೆ. ಅಪ್ಪನ ಧೋತರ, ಅವ್ವನ ಸೀರೆ ಯಾವುದೂ ಅವುಗಳ ಬಾಯಿಗೆ ಹೋಗುವುದಿಲ್ಲ. ನಿಮಗೆ ಗಾಲಿ ಹೊಲಿಯುವ ಕಷ್ಟವಿಲ್ಲ, ಲೆಕ್ಕ ಬಿಡಿಸುವ ಕಷ್ಟವಿದೆ. ಮೊನ್ನೆ ನಿಮ್ಮಲ್ಲೊಬ್ಬರು ಉತ್ತರ ಸರಿಬಾರದೆ ಪುಸ್ತಕವನ್ನು ಮುಷ್ಟಿಯಿಂದ ಗುದ್ದುತ್ತಿದ್ದರು. ನಾನು ಹಾಲಿನ ಲೋಟ ಹಿಡಿದು ಬಾಗಿಲವರೆಗೆ ಬಂದಿದ್ದೆ. ಸದ್ದು ಮಾಡದೆ ಹಿಂದೆ ಸರಿದು, ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಕೆಮ್ಮಿಕೊಂಡು ಮತ್ತೆ ಬಂದೆ.

ಅದು ಯಾರೆಂದು ನಾನು ಹೇಳುವುದಿಲ್ಲ.