ಎಮರಿ ಟೋಲರ್ ಊರು ಬಿಡಲಿಲ್ಲ

ಎಮರಿ ಟೋಲರ್‌ಗೆ ಆ ಫೋನು ಬಂದಾಗ ನಾನು ಅವನ ಎದುರಿಗೇ ಕೂತಿದ್ದೆ. ೧೯೮೭ರ ಡಿಸೆಂಬರ್. ಆ ವರ್ಷದ ಕೊನೆಯ ಪಂದ್ಯ ಮುಗಿದು ಎರಡು ವಾರವಾಗಿತ್ತು. ಹತ್ತರಲ್ಲಿ ಒಂಬತ್ತು ಗೆದ್ದಿದ್ದೆವು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಕಣಿವೆಯಲ್ಲಿರುವ ನಮ್ಮಂಥ ಪುಟ್ಟ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅದು ಹಿಂದೆಂದೂ ದಕ್ಕದ ಗೆಲುವು. ಎಮರಿ ಫೋನಿನಲ್ಲಿ "ಹೌದು ಸಾರ್", "ಇಲ್ಲ ಸಾರ್" ಅಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ಫೋನು ಇಟ್ಟ ಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ದಕ್ಷಿಣದ ದೊಡ್ಡ ಯೂನಿವರ್ಸಿಟಿ, ಡಾಕ್ಟ್ರೇ. ಮುಖ್ಯ ಕೋಚ್ ಆಗಿ ಬಾ ಅಂತಿದಾರೆ. ಮೂವತ್ತು ಸಾವಿರ ಜನ ಕೂರೋ ಮೈದಾನ."

ನಾನು ಡಾಕ್ಟರನಲ್ಲ. ಹುಡುಗರ ಕಾಲುಗಂಟಿಗೆ ಪಟ್ಟಿ ಸುತ್ತುವುದು, ಊದಿದ ಮಂಡಿಗೆ ಐಸ್ ಇಡುವುದು, ಯಾರು ಆಡಬಹುದು, ಯಾರು ಕೂರಬೇಕು ಎಂದು ಕೋಚ್‌ಗೆ ಹೇಳುವುದು ನನ್ನ ಕೆಲಸ. ಹುಡುಗರು ತಮಾಷೆಗೆ ಕರೆದ ಹೆಸರು ಊರಿಗೆಲ್ಲ ಹಬ್ಬಿತ್ತು.

"ಮತ್ತೇನು, ಹೊರಡು" ಎಂದೆ.

"ಕ್ರಿಸ್‌ಮಸ್ ಒಳಗೆ ಹೇಳ್ಬೇಕಂತೆ" ಎಂದು ಕಿಟಕಿಯತ್ತ ತಿರುಗಿದ. ಹೊರಗೆ ನಮ್ಮ ಮೈದಾನ, ಅದರ ಒಂದು ಕೊನೆಗೆ ತಾಗಿಕೊಂಡೇ ಕಲ್ಲಿದ್ದಲ ರೈಲಿನ ಹಳಿ.

ಆಗ ಅವನಿಗೆ ನಲವತ್ತನಾಲ್ಕು. ಗಣಿ ಕೆಲಸಗಾರನ ಮಗ. ಅಪ್ಪ ಎದೆಯಲ್ಲಿ ಕರಿ ಧೂಳು ತುಂಬಿಕೊಂಡು ಸತ್ತಿದ್ದ. ಫುಟ್‌ಬಾಲ್ ಆಡಿದ್ದಕ್ಕೆ ಎಮರಿ ಗಣಿಗೆ ಇಳಿಯುವುದು ತಪ್ಪಿತು, ಓದು ಸಿಕ್ಕಿತು, ಕೋಚ್ ಕೆಲಸವೂ ಸಿಕ್ಕಿತು. ಹನ್ನೊಂದು ವರ್ಷದಿಂದ ಇಲ್ಲೇ ಇದ್ದ. ಕಣಿವೆಯ ಹುಡುಗರನ್ನು ಮನೆಮನೆಗೆ ಹೋಗಿ ಕರೆತಂದು, ತನ್ನ ಹಾಗೇ ಗಣಿಯಿಂದ ತಪ್ಪಿಸುತ್ತಿದ್ದ. ಅದನ್ನು ಸುಳ್ಳು ಎನ್ನಲಾಗದು.

ಎರಡೇ ದಿನದಲ್ಲಿ ಸುದ್ದಿ ಊರು ಮುಟ್ಟಿತು. ರೈಲ್ವೆ ಗೇಟಿನ ಪಕ್ಕದ ಹೋಟೆಲಿನಲ್ಲಿ ನಾವಿಬ್ಬರೂ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ತಿನ್ನುತ್ತಿದ್ದಾಗ ಮುದುಕ ಆರ್ವಿಲ್ ಕೌಂಟರಿನಿಂದಲೇ ಕೂಗಿದ: "ಕೋಚ್, ಅಲ್ಲಿ ದಿನಾ ಟೈ ಕಟ್ಕೋಬೇಕಂತೆ. ನಿನಗೆ ಕಟ್ಟೋಕೆ ಬರುತ್ತಾ, ಇಲ್ಲ ಪಟ್ಟಿ ಸುತ್ತೋಕೆ ಡಾಕ್ಟ್ರನ್ನೂ ಕರ್ಕೊಂಡು ಹೋಗ್ತೀಯಾ?"

ಎಲ್ಲರೂ ನಕ್ಕರು. ಇನ್ನೊಬ್ಬ, "ಗಣಿನೇ ಬಾಗಿಲು ಹಾಕ್ತಿದೆ, ಇನ್ನು ಕೋಚ್ ಎಷ್ಟರವನು, ಹೋಗ್ಲಿ ಬಿಡ್ರಪ್ಪ" ಅಂದ. ಅದಕ್ಕೆ ಯಾರೂ ನಗಲಿಲ್ಲ.

ಎಮರಿಯ ಹೆಂಡತಿ ಲೊರೇನ್ ಮಾತ್ರ ಪೆಟ್ಟಿಗೆಗಳನ್ನು ತರಿಸಿಬಿಟ್ಟಿದ್ದಳು. ನಾನು ಅವರ ಮನೆಗೆ ಹೋದ ದಿನ ಗಾಜಿನ ಲೋಟಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಹನ್ನೊಂದು ವರ್ಷ ಒಗೆದ ಬಟ್ಟೆನ ಒಳಗೇ ಒಣಗಿಸಿದೀನಿ, ಎಮರಿ" ಎಂದಳು ಗಂಡನಿಗೆ. "ಹೊರಗೆ ಹಾಕಿದ್ರೆ ಸಂಜೆ ಹೊತ್ತಿಗೆ ಕಲ್ಲಿದ್ದಲ ಧೂಳು. ಬಿಸಿಲಲ್ಲಿ ಒಣಗಿದ ಹಾಸಿಗೆ ಬಟ್ಟೆ ಮೇಲೆ ನಾನೂ ಮಲಗಬಾರ್ದಾ?"

"ರಾಂಡಲ್ ಇದಾನಲ್ಲ" ಎಂದ ಎಮರಿ.

ಲೊರೇನ್ ಲೋಟವನ್ನು ಕೆಳಗಿಟ್ಟಳು. "ರಾಂಡಲ್‌ಗೆ ಅವನ ತಾಯಿ ಇದಾಳೆ. ನೀನು ವಾರವಾರ ಅವನ ಮನೆಗೆ ಹೋಗೋದು ಅವನಿಗೋಸ್ಕರ ಅಲ್ಲ, ನಿನಗೋಸ್ಕರ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ."

ರಾಂಡಲ್ ಕ್ಲೈನ್‌ನ ವಿಷಯ ಇಲ್ಲಿ ಹೇಳಬೇಕು. ಮೂರು ವರ್ಷದ ಹಿಂದೆ, ಆಗಸ್ಟ್ ತಿಂಗಳ ಪ್ರಾಕ್ಟೀಸು. ಹೆಲ್ಮೆಟ್ ತೊಟ್ಟ ಹುಡುಗರು ಎದುರುಬದುರು ಎರಡು ಸಾಲು. ಸೀಟಿ ಊದಿದ ಕೂಡಲೇ ಒಬ್ಬ ಚೆಂಡು ಹಿಡಿದು ಓಡಿಬರಬೇಕು, ಎದುರಿನವನು ನುಗ್ಗಿ ಅವನನ್ನು ಕೆಡವಬೇಕು. ಅವತ್ತು ಸೆಕೆ ವಿಪರೀತ. ಎರಡನೇ ಗಂಟೆಯಲ್ಲಿ ಹತ್ತೊಂಬತ್ತರ ರಾಂಡಲ್ ನನ್ನ ಬಳಿ ಬಂದು, "ಡಾಕ್ಟ್ರೇ, ಕುತ್ತಿಗೆಯಿಂದ ಬೆರಳ ತುದಿವರೆಗೂ ಕೈ ಉರೀತಿದೆ" ಅಂದ. ಅದು ಒಳ್ಳೆಯ ಲಕ್ಷಣವಲ್ಲ. ನಾನು ಎಮರಿಗೆ ಹೇಳಿದೆ, "ಇವನನ್ನ ಕೂರಿಸು." ಎಮರಿ ರಾಂಡಲ್ ಕಡೆ ನೋಡಿ, "ಇನ್ನೊಂದೇ ಸಲ, ಆಮೇಲೆ ಕೂತ್ಕೋ" ಅಂದ. ನಾನು ಹುಡುಗನ ತೋಳು ಹಿಡಿದುಕೊಂಡಿದ್ದೆ. ಬಿಟ್ಟೆ.

ರಾಂಡಲ್ ತಲೆ ಬಗ್ಗಿಸಿ ನುಗ್ಗಿದ. ಮತ್ತೆ ಏಳಲಿಲ್ಲ. ಕುತ್ತಿಗೆಯ ಕೆಳಗೆ ಮೈಯೆಲ್ಲ ಸತ್ತುಹೋಯಿತು.

ಕಾಲೇಜಿನವರು ವಿಚಾರಣೆ ಮಾಡಿದರು. ಹೇಗೆ ಬಿದ್ದ, ಹೆಲ್ಮೆಟ್ ಸರಿ ಇತ್ತಾ, ಆಂಬುಲೆನ್ಸ್ ಯಾವಾಗ ಬಂತು ಎಂದು ಕೇಳಿದರು. ಬೀಳುವ ಮುಂಚೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಮರಿ ನನಗೆ ಬಾಯಿ ಮುಚ್ಚಿಕೋ ಎಂದವನಲ್ಲ. ಅವನು ಹೇಳಬೇಕಾಗಿಯೂ ಬರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಎಮರಿ ಕಣಿವೆಯ ಮೇಲ್ತುದಿಯಲ್ಲಿದ್ದ ವೆಲ್ಮಾ ಕ್ಲೈನ್‌ಳ ತಗಡಿನ ಟ್ರೈಲರ್ ಮನೆಗೆ ಹೋಗಿ ಅವಳ ಮಗನಿಗೆ ಗಡ್ಡ ಹೆರೆಯುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ಬಿಸಿನೀರಿನ ಬೋಗುಣಿ, ಸೋಪಿನ ನೊರೆ, ಶನಿವಾರದ ಪಂದ್ಯದ ಮಾತು. ಗಂಡನನ್ನು ಗಣಿಯಲ್ಲಿ ಕಳೆದುಕೊಂಡಿದ್ದ ವೆಲ್ಮಾ ಆ ಒಂದು ಗಂಟೆ ಕಣ್ಣು ಮುಚ್ಚಿ ಕೂರುತ್ತಿದ್ದಳು. "ಟೋಲರ್ ಅವ್ರು ಇಲ್ದಿದ್ರೆ ನನಗೆ ಭಾನುವಾರಾನೇ ಇರ್ತಿರ್ಲಿಲ್ಲ" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು.

ಕ್ರಿಸ್‌ಮಸ್‌ಗೆ ಒಂಬತ್ತು ದಿನವಿದ್ದಾಗ ಎಮರಿ ಕಾಲೇಜಿನ ಜಿಮ್ ಹಾಲಿನಲ್ಲಿ ಜನರ ಮುಂದೆ ನಿಂತು, ತಾನು ಹೋಗುವುದಿಲ್ಲ ಎಂದ. "ರಾಂಡಲ್ ಕ್ಲೈನ್‌ನಂಥ ಹುಡುಗನನ್ನ ಬಿಟ್ಟು ಯಾವ ದೊಡ್ಡ ಮೈದಾನಕ್ಕೆ ಹೋಗ್ಲಿ?" ಎಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆರ್ವಿಲ್ ಅತ್ತುಬಿಟ್ಟ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಎಮರಿಯ ಫೋಟೋ, ಪಕ್ಕದಲ್ಲೇ ರಾಂಡಲ್‌ನ ಹಳೆಯ ಫೋಟೋ. ಲೊರೇನ್ ಹಾಲಿಗೆ ಬಂದಿರಲಿಲ್ಲ.

ಮುಂದಿನ ಭಾನುವಾರ ನಾವು ಹೋದಾಗ ಆ ಪತ್ರಿಕೆ ಹಾಸಿಗೆಯ ಮೇಲಿತ್ತು. ಎಮರಿ ಎಂದಿನಂತೆ ಬೋಗುಣಿ ಇಟ್ಟು, ನೊರೆ ಹಚ್ಚಿ, ಬಲಗೆನ್ನೆಯಿಂದ ಶುರುಮಾಡಿದ. ಅದು ಮುಗಿದ ಮೇಲೆ ರಾಂಡಲ್ ಕಣ್ಣನ್ನು ಅವನತ್ತ ತಿರುಗಿಸಿದ.

"ಕೋಚ್, ನನ್ನ ಹೆಸರು ಯಾಕೆ ಎತ್ತಿದ್ರಿ?"

"ನಿಜ ಅಲ್ವೇನೋ? ನಿನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

"ನಿಜ ನನಗೆ ಗೊತ್ತು. ಅವತ್ತು ನನ್ನ ಕೈ ಉರೀತಿತ್ತು. ಡಾಕ್ಟ್ರು ನಿಮಗೆ ಹೇಳಿದ್ರು. ನಾನು ಅಲ್ಲೇ ನಿಂತಿದ್ದೆ, ಕೇಳಿಸ್ಕೊಂಡೆ."

ಎಮರಿಯ ಕೈಯಲ್ಲಿ ರೇಜರು ಹಾಗೇ ನಿಂತಿತು. ಒಲೆಯ ಬಳಿ ವೆಲ್ಮಾ ತಿರುಗಿದಳು.

"ಮೂರು ವರ್ಷದಿಂದ ಪ್ರತಿ ಭಾನುವಾರ ಕಾಯ್ತಿದೀನಿ" ಎಂದ ರಾಂಡಲ್. ದನಿ ಏರಿಸುವ ಶಕ್ತಿ ಅವನಿಗಿರಲಿಲ್ಲ, ಮೆಲ್ಲಗೇ ಹೇಳಿದ. "ಇವತ್ತು ಹೇಳ್ತಾರೆ, ಇವತ್ತಲ್ದಿದ್ರೆ ಮುಂದಿನ ವಾರ ಹೇಳ್ತಾರೆ ಅಂತ. ತಪ್ಪಾಯ್ತು ಕಣೋ ಅಂದಿದ್ರೆ ಮುಗೀತಿತ್ತು. ನಾನೂ ಆಯ್ತು ಅಂತ ಓಡಿದವನೇ, ಆಗಲ್ಲ ಅನ್ನಬಹುದಿತ್ತು. ನೀವು ಹೋಗಿಬಿಟ್ಟಿದ್ರೆ ಕಾಯೋದಾದ್ರೂ ತಪ್ತಿತ್ತು. ಈಗ ಊರೋರೆಲ್ಲ ಬಂದು ನನ್ನ ಅದೃಷ್ಟ ಹೊಗಳಿ ಹೋಗ್ತಿದಾರೆ."

ಎಮರಿ ಬಾಯಿ ತೆರೆದ. ಹೇಳುತ್ತಾನೆ ಎಂದುಕೊಂಡೆ. "ನೀರು ತಣ್ಣಗಾಯ್ತು" ಎಂದ, ರೇಜರನ್ನು ಬೋಗುಣಿಗೆ ಹಾಕಿ ಹೊರಗೆ ನಡೆದ.

ವೆಲ್ಮಾ ನನ್ನ ಮುಂದೆ ಬಂದು ನಿಂತಳು. "ನಿಮಗೂ ಗೊತ್ತಿತ್ತಾ ಡಾಕ್ಟ್ರೇ?"

ಹೌದು ಎಂದು ತಲೆಯಾಡಿಸಿದೆ.

"ನಮ್ಮನೇಲಿ ಕೂತು ಕಾಫಿ ಕುಡಿದ್ರಲ್ಲ" ಎಂದಳು. ಬೈಯಲಿಲ್ಲ. ಟವಲು ತೆಗೆದುಕೊಂಡು ಮಗನ ಎಡಗೆನ್ನೆಯ ನೊರೆ ಒರೆಸಿದಳು. ನಾನು ಹೊರಬಂದ ಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು.

ಆಮೇಲೂ ನಾಲ್ಕಾರು ಭಾನುವಾರ ಎಮರಿ ಅಲ್ಲಿಗೆ ಹೋದ. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಹಣ್ಣಿನ ಬುಟ್ಟಿ ಇಟ್ಟು ಬರುತ್ತಿದ್ದ, ಮರುವಾರ ಹೋದರೆ ಅದು ಅಲ್ಲೇ ಹಿಮದಲ್ಲಿ ಹೆಪ್ಪುಗಟ್ಟಿರುತ್ತಿತ್ತು. ಮಾರ್ಚಿನಲ್ಲಿ ಲೊರೇನ್ ತಾನು ಕಟ್ಟಿಟ್ಟಿದ್ದ ಪೆಟ್ಟಿಗೆಗಳಲ್ಲಿ ಅರ್ಧ ತೆಗೆದುಕೊಂಡು ರೋನೋಕ್‌ನ ತಂಗಿಯ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ತಂಡವೂ ಕುಸಿಯಿತು. ವೆಲ್ಮಾ ಯಾರಿಗೆ ಏನು ಹೇಳಿದಳೋ ತಿಳಿಯದು, ಕಣಿವೆಯ ತಾಯಂದಿರು ಎಮರಿಯನ್ನು ಒಳಗೆ ಕರೆದು ಕೂರಿಸುವುದು ನಿಂತಿತು, ಹುಡುಗರನ್ನು ತಂಡಕ್ಕೆ ಕಳಿಸುವುದೂ ನಿಂತಿತು. ಎರಡು ವರ್ಷ ಸೋತ ಮೇಲೆ ಕಾಲೇಜು ಒಂದು ಪುಟದ ಕಾಗದ ಕಳಿಸಿ ಅವನನ್ನು ಕೆಲಸದಿಂದ ತೆಗೆಯಿತು. ದಕ್ಷಿಣದವರು ಅಷ್ಟರಲ್ಲಿ ಇನ್ನೊಬ್ಬನನ್ನು ನೇಮಿಸಿಕೊಂಡಿದ್ದರು. ಬೇರೆ ಯಾರೂ ಅವನನ್ನು ಕರೆಯಲಿಲ್ಲ. ಎಮರಿ ಪ್ರಾಥಮಿಕ ಶಾಲೆಯ ಬಸ್ಸು ಓಡಿಸತೊಡಗಿದ.

೧೯೯೦ರ ಫೆಬ್ರವರಿಯಲ್ಲಿ ರಾಂಡಲ್ ತೀರಿಕೊಂಡ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅಂತ್ಯಕ್ರಿಯೆಗೆಂದು ಚರ್ಚಿಗೆ ಹೋದವರಲ್ಲಿ ನಾನೂ ಒಬ್ಬ, ಹಿಂದಿನ ಸಾಲಿನಲ್ಲಿ ಕೂತೆ. ಎಮರಿ ಒಳಗೆ ಬರಲಿಲ್ಲ, ರಸ್ತೆಯ ಆಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಶವಪೆಟ್ಟಿಗೆಯನ್ನು ಗಾಡಿಗೆ ಏರಿಸಿದ ಮೇಲೆ ರಸ್ತೆ ದಾಟಿ ಬಂದು ವೆಲ್ಮಾಳ ಎದುರು ನಿಂತ.

"ಡಾಕ್ಟ್ರು ಅವತ್ತು ಬೇಡ ಅಂದ್ರು, ವೆಲ್ಮಾ. ನಾನೇ ಇನ್ನೊಂದ್ಸಲ ಓಡು ಅಂದೆ. ತಪ್ಪು ನಂದು."

ಜನರೆಲ್ಲ ಕೇಳಿಸಿಕೊಂಡರು. ವೆಲ್ಮಾ ಅವನತ್ತ ತಿರುಗಿದಳು.

"ಇದನ್ನ ನನಗ್ಯಾಕೆ ಹೇಳ್ತೀರಿ, ಟೋಲರ್ ಅವ್ರೇ? ಕೇಳೋಕೆ ಕಾದಿದ್ದವನು ಅಲ್ಲಿ ಮಲಗಿದಾನೆ" ಎಂದು ಗಾಡಿ ಹತ್ತಿದಳು.

ಆ ಬೇಸಿಗೆ ನಾನು ಕೆಲಸ ಬಿಟ್ಟೆ. ಬಿಡುವ ಮುಂಚೆ ನಡೆದದ್ದನ್ನೆಲ್ಲ ಬರೆದು ಕಾಲೇಜಿನ ಅಧ್ಯಕ್ಷರಿಗೆ ಕೊಟ್ಟೆ. ಅವರು ಓದಿ, "ಈಗ ಇದರಿಂದ ಯಾರಿಗೇನು ಪ್ರಯೋಜನ?" ಎಂದು ವಾಪಸ್ಸು ಕೊಟ್ಟರು.

ಕೆಲವು ತಿಂಗಳ ನಂತರ ಬಸ್ಸು ನಿಲ್ಲಿಸುವ ಶೆಡ್ಡಿಗೆ ಹೋಗಿದ್ದೆ. ಎಮರಿ ಸೀಟುಗಳ ಸಂದಿಯಿಂದ ಮಕ್ಕಳು ಎಸೆದ ಕಾಗದಗಳನ್ನು ಆರಿಸುತ್ತಿದ್ದ. ಎಷ್ಟೋ ದಿನದಿಂದ ಬಾಯಿಗೆ ಬಂದು ನಿಂತಿದ್ದ ಮಾತನ್ನು ಕೇಳಿಯೇಬಿಟ್ಟೆ: "ದಕ್ಷಿಣದವರು ಕರೆದಾಗ ಹೋಗಬೇಕಿತ್ತು ಅನ್ಸುತ್ತಾ?"

ಅವನು ಸೊಂಟ ನೇರ ಮಾಡಿಕೊಂಡ. "ಹೋಗೋಕೆ ಆಸೆ ಇತ್ತು, ಡಾಕ್ಟ್ರೇ. ದೊಡ್ಡ ಜಾಗ, ಪೇಪರಿನೋರು ಹಳೇದೆಲ್ಲ ಕೆದಕ್ತಾರೆ. ಅದಕ್ಕೇ ಹೋಗಲಿಲ್ಲ. ರಾಂಡಲ್‌ಗೋಸ್ಕರ ಅಂತ ನಾನೇ ನಂಬ್ಕೊಂಡುಬಿಟ್ಟಿದ್ದೆ, ಕೆಲವು ದಿನ."

"ನಾನೂ ನಂಬಿದ್ದೆ" ಎಂದೆ. ಅದು ನಿಜವಲ್ಲ. ಅವನಿಗೂ ಅದು ಗೊತ್ತಿದ್ದಂತಿತ್ತು. ಹಿಂದಿನ ಸೀಟಿನವರೆಗೂ ಬಗ್ಗಿಬಗ್ಗಿ ಕಾಗದ ಆರಿಸುತ್ತಾ ಹೋದ. ಮೂರು ಗಂಟೆಗೆ ಶಾಲೆ ಬಿಡುತ್ತದೆ ಎಂದು ಹೇಳಿ ಬಸ್ಸು ಶುರುಮಾಡಿದ.