ಕೇಳಿದರೆ ಹೇಳುವ ಹೊನ್ನಜ್ಜಿ

ಹೊನ್ನಜ್ಜಿಗೆ ಸಮಾಧಾನದ ಮಾತು ಆಡಲು ಬರುತ್ತಿರಲಿಲ್ಲ. ಕೇಳದೆ ಏನನ್ನೂ ಹೇಳುತ್ತಿರಲಿಲ್ಲ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಿದ್ದಳು. ಹೊಸ ಸೀರೆ ಉಟ್ಟ ಹೆಂಗಸರು ಹೇಗಿದೆ ಎಂದು ಅವಳೊಬ್ಬಳನ್ನು ಮಾತ್ರ ಕೇಳುತ್ತಿರಲಿಲ್ಲ. ನಾನು ಮೊದಲ ಸಲ ಒಂದು ಬಟ್ಟಲು ಸಾರು ಕೊಟ್ಟು, ಹೇಗಿದೆ ಅಜ್ಜಿ ಎಂದು ಕೇಳಿದ್ದೆ. ಉಪ್ಪು ಸಾಲದು, ಹುಳಿ ಜಾಸ್ತಿ, ನಿಮ್ಮ ಕಡೆ ಹಿಂಗೇನಾ ಎಂದಳು. ಬೇಲೂರಿನ ದೇವಸ್ಥಾನದ ಅಡುಗೆಮನೆಯಲ್ಲಿ ಜೀವ ತೇದವರ ಮಗಳು ನಾನು. ಮೂರು ದಿನ ಅವಳನ್ನು ಮಾತಾಡಿಸಲಿಲ್ಲ. ಅದು ಅವಳಿಗೆ ಗೊತ್ತೂ ಆಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಕಣಕಟ್ಟೆಯ ಪ್ರೈಮರಿ ಶಾಲೆಯಲ್ಲಿ ಕೆಲಸ, ನಮ್ಮ ಯಜಮಾನರಿಗೆ ಅರಸೀಕೆರೆಯಲ್ಲಿ ಆಫೀಸು. ನಮ್ಮ ಬಾಡಿಗೆ ಮನೆಯ ಹಿತ್ತಲಿಗೂ ಹೊನ್ನಜ್ಜಿಯ ಮೇಕೆ ಕೊಟ್ಟಿಗೆಗೂ ನಡುವೆ ಒಂದು ಮುಳ್ಳುಬೇಲಿ ಅಷ್ಟೇ. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ತಲೆಗೊಂದು ಟವೆಲ್ಲು ಸುತ್ತಿ, ಸೊಪ್ಪು ಎಳೆಯುವ ದೋಟಿಯನ್ನು ಹೆಗಲ ಮೇಲೆ ಹಾಕಿಕೊಂಡು, ಹನ್ನೊಂದು ಮೇಕೆಗಳ ಹಿಂದೆ ಬೆಳಿಗ್ಗೆ ಹೊರಟರೆ ಮತ್ತೆ ಕಾಣುತ್ತಿದ್ದುದು ಸಂಜೆಗೇ.

ನನಗೆ ಅಮ್ಮ ಇರಲಿಲ್ಲವಾದ್ದರಿಂದ ಬಾಣಂತನವೂ ಕಣಕಟ್ಟೆಯಲ್ಲೇ ಆಯಿತು. ಅತ್ತೆ ಬಂದಿದ್ದರು. ಹೆಣ್ಣುಮಗು. ಹತ್ತೊಂಬತ್ತು ದಿನ ಇತ್ತು. ಹಾಲು ಸಾಲದೆಂದು ಯಜಮಾನರು ಅರಸೀಕೆರೆಯಿಂದ ಒಂದು ಗಾಜಿನ ಸೀಸೆ, ಎರಡು ರಬ್ಬರಿನ ನಿಪ್ಪಲು ತಂದಿದ್ದರು. ಒಂದು ಸಂಜೆ ಮಗು ಹಾಲು ಬಿಟ್ಟಿತು, ಮೈ ಕಾದಿತು. ಆಗ ತೆಂಗಿನಕಾಯಿ ಲಾರಿಯೊಂದು ಅರಸೀಕೆರೆಗೆ ಹೊರಟು ನಿಂತಿತ್ತು. ಎಳೆಗೂಸನ್ನು ಲಾರಿಯಲ್ಲಿ ಹೇಗೆ ಕರೆದುಕೊಂಡು ಹೋಗುವುದು, ಬೆಳಗಿನ ಮೊದಲ ಬಸ್ಸಿಗೆ ಹೋಗೋಣ ಎಂದವಳು ನಾನೇ. ಬಸ್ಸು ಬರುವಷ್ಟರಲ್ಲಿ ಮಗು ಇರಲಿಲ್ಲ.

ಲಾರಿಗೆ ಹತ್ತಿದ್ದರೆ ಉಳಿಯುತ್ತಿತ್ತಾ ಎಂದು ಆಮೇಲೆ ಎಲ್ಲರನ್ನೂ ಕೇಳಿದೆ. ಯಜಮಾನರನ್ನು, ಅತ್ತೆಯನ್ನು, ನೋಡಲು ಬಂದ ಟೀಚರುಗಳನ್ನು. ಛೆ ಛೆ, ನಿನ್ನದೇನೂ ತಪ್ಪಿಲ್ಲ, ಋಣ ಅಷ್ಟೇ ಇತ್ತು ಎಂದರು ಎಲ್ಲರೂ. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಅಷ್ಟು ಬೇಗ ಹೇಳಿದರೆ ಯಾರು ನಂಬುತ್ತಾರೆ? ಅತ್ತೆ ಸೀಸೆಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲೆ ಇಟ್ಟು ಊರಿಗೆ ಹೋದರು. ಅದರ ಹೆಸರನ್ನು ಯಾರೂ ಎತ್ತಲಿಲ್ಲ.

ಎತ್ತಿದವಳು ಹೊನ್ನಜ್ಜಿ. ಒಂದು ಬೆಳಿಗ್ಗೆ ಎರಡು ಮೇಕೆಮರಿಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತಳು.

“ಟೀಚರಮ್ಮ, ನಿಮ್ಮ ಮಗೀನ ಹಾಲಿನ ಸೀಸೆ ಐತಲ್ಲ, ಕೊಡಿ.”

ಅವಳು ತನ್ನ ಪಾಡಿಗೆ ಹೇಳುತ್ತ ಹೋದಳು. ಮೇಕೆ ಈದಿತ್ತು, ಹೊಟ್ಟೆಯಲ್ಲಿ ಉಳಿದ ಮಾಸು ಬೀಳದೆ ಎರಡನೇ ದಿನಕ್ಕೆ ಸತ್ತಿತ್ತು. ಬೇರೆ ಮೇಕೆಯ ಹತ್ತಿರ ಬಿಟ್ಟರೆ ಅದು ಮೂಸಿ ನೋಡಿ ಗುದ್ದಿ ಓಡಿಸುತ್ತಿತ್ತು. ಬಿದಿರಿನ ಗೊಟ್ಟದಲ್ಲಿ ಹುಯ್ಯಲು ಬಾಯಿ ಇನ್ನೂ ಎಳೆಯದು. ಬೇರೆ ಮೇಕೆಯಿಂದ ಕರೆದ ಹಾಲನ್ನು ಚೊಂಬಿನಲ್ಲಿ ತಂದಿದ್ದಳು. ತಾನು ಮೇಯಿಸಲು ಹೋಗಬೇಕು. ನೀವು ರಜದಲ್ಲಿ ಮನೇಲೇ ಇರ್ತೀರಲ್ಲ, ಮಧ್ಯಾಹ್ನಕ್ಕೆ ಕುಡಿಸಿ ಎಂದು ಮರಿಗಳನ್ನು ನಮ್ಮ ಜಗಲಿಯಲ್ಲಿ ಬಿಟ್ಟು, ಮೇಲೆ ಮಂಕರಿ ಬುಟ್ಟಿ ಕವುಚಿ ಹೊರಟೇಬಿಟ್ಟಳು. ಹೇಗೆ ಕುಡಿಸುವುದು ಎಂದು ನಾನು ಕೇಳಲಿಲ್ಲ. ಹೇಗೆ ಕುಡಿಸುತ್ತಾರೆ ಎಂದು ನನಗೆ ಗೊತ್ತಿಲ್ಲವೇ?

ಅಟ್ಟ ಹತ್ತಿ ಸೀಸೆ ಇಳಿಸಿದೆ, ಕುದಿಸಿದೆ. ಮಧ್ಯಾಹ್ನ ಕಪ್ಪು ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡೆ. ತಲೆಯನ್ನು ಎಡ ಮೊಣಕೈ ಮೇಲೆ ಇಟ್ಟುಕೊಂಡೆ, ಸೆರಗು ಹೊದಿಸಿದೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಮರಿ ಕಾಲು ಝಾಡಿಸಿತು. ನಾನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ನಾಲ್ಕು ಗುಟುಕು ಕುಡಿಯಿತು. ನೋಡ ನೋಡುತ್ತ ಮೂಗಿನಿಂದ ಹಾಲು ಬಂತು, ಕೆಮ್ಮಿತು, ಎದೆಯೊಳಗೆ ಗೊರಗೊರ ಸದ್ದು ಶುರುವಾಯಿತು. ಎರಡನೆಯದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಹೊನ್ನಜ್ಜಿ ಬರುವ ಹೊತ್ತಿಗೆ ಕಪ್ಪು ಮರಿ ನನ್ನ ಮಡಿಲಲ್ಲೇ ತಣ್ಣಗಾಗಿತ್ತು.

ಆಗತಾನೇ ಬಸ್ಸಿಳಿದು ಬಂದಿದ್ದ ಯಜಮಾನರು, ಅದರ ಆಯಸ್ಸೇ ಅಷ್ಟು ಬಿಡು ಎಂದರು. ನಾನು ಹೊನ್ನಜ್ಜಿಯ ಕಡೆ ತಿರುಗಿ, ನಾನೇ ಸಾಯಿಸಿದೆನಾ ಎಂದು ಕೇಳಿದೆ. ಅವಳು ಮರಿಯ ಮೂಗು ನೋಡಿದಳು, ಎದೆ ಒತ್ತಿ ನೋಡಿದಳು, ನಾನು ಹೇಗೆ ಹಿಡಿದಿದ್ದೆ ಎಂದು ತೋರಿಸಲು ಹೇಳಿದಳು. ತೋರಿಸಿದೆ.

“ಹೂಂ ಕಣವ್ವ, ನೀವೇ. ಉಸಿರಿನ ದಾರೀಗೆ ಹಾಲು ಹೋಗೈತೆ. ಇದು ಮನುಸ್ರ ಕೂಸಲ್ಲ, ನಿಂತ್ಕಂಡು ಕುಡಿಯೋ ಜಾತಿ. ನಾನು ಹೇಳ್ಕೊಡಬೇಕಿತ್ತು, ಹೇಳ್ಲಿಲ್ಲ. ಅದು ನನ್ ತಪ್ಪು.”

ಯಜಮಾನರಿಗೆ ಸಿಟ್ಟು ಬಂತು. ಎಂಥ ಹೆಂಗಸು, ಈ ಸ್ಥಿತಿಯಲ್ಲಿರುವವಳಿಗೆ ಹಾಗೆ ಹೇಳುತ್ತಾರಾ ಎಂದು ಒಳಗೆ ಹೋದರು. ನಾನು ಅತ್ತುಬಿಟ್ಟೆ. ಮಗು ಹೋದ ಮೇಲೆ ಬಾಯಿಬಿಟ್ಟು ಅತ್ತದ್ದು ಅವತ್ತೇ ಮೊದಲು. ಹೊನ್ನಜ್ಜಿ ನಿಲ್ಲಿಸಿ ಎನ್ನಲಿಲ್ಲ. ಅಳು ತಾನಾಗಿ ನಿಂತ ಮೇಲೆ ಉಳಿದ ಕಂದು ಮರಿಯನ್ನು ಮಂಕರಿಯಿಂದ ತೆಗೆದು ನನ್ನ ಮುಂದೆ ನಿಲ್ಲಿಸಿದಳು. ಮೊದಲು ಬೆರಳು ಚೀಪಿಸಬೇಕು. ಸೀಸೆಯನ್ನು ಕೆಚ್ಚಲಿನ ಎತ್ತರಕ್ಕೆ ಹಿಡಿಯಬೇಕು. ಇನ್ನೊಂದು ಅಂಗೈಯನ್ನು ಅದರ ಕಣ್ಣಿನ ಮೇಲೆ ಮುಚ್ಚಬೇಕು. ತಾಯಿಯ ಹೊಟ್ಟೆ ಕೆಳಗೆ ಕತ್ತಲಿರುತ್ತದೆ, ಬೆಳಕಿದ್ದರೆ ಮರಿ ನಂಬುವುದಿಲ್ಲ. ನಾನು ಮಂಡಿಯೂರಿ ಹಾಗೇ ಮಾಡಿದೆ. ಕಂದು ಮರಿ ಒಂದು ಸಲ ಸೀಸೆಯನ್ನು ಗುದ್ದಿ, ಬಾಲ ಪಟಪಟ ಆಡಿಸುತ್ತ ಕುಡಿಯಿತು. ಅಂಗೈ ಕೆಳಗೆ ಅದರ ರೆಪ್ಪೆ ಮಿಸುಕುತ್ತಿತ್ತು.

ಒಂದೂವರೆ ತಿಂಗಳು ಕುಡಿಸಿದೆ. ಅದು ನನ್ನ ಸೆರಗು ತಿಂದಿತು, ಹಾಜರಿ ಪುಸ್ತಕದ ಮೂಲೆ ತಿಂದಿತು. ಇದನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳುವ ದಡ್ಡತನವನ್ನೂ ಮಾಡಿದೆ. ಗಂಡುಮರಿ ಅಲ್ವಾ, ಸಂತೆಗೆ ಹೊಡೀತೀನಿ ಎಂದಳು. ಹಾಗೇ ಮಾಡಿದಳು. ಮುಂಚೆಯೇ ಹೇಳಿದ್ದಳಾದ್ದರಿಂದ ಬೈಯಲೂ ಆಗಲಿಲ್ಲ.

ಮರಿ ಸಂತೆಗೆ ಹೋಗುವುದಕ್ಕೂ ಮೊದಲಿನ ಮಾತು ಇದು. ರಜೆ ಮುಗಿಯುವ ಹಿಂದಿನ ದಿನ ಜಗಲಿಯಲ್ಲಿ ಕೂತಿದ್ದಾಗ, ಲಾರಿಗೆ ಹತ್ತಿದ್ದರೆ ನನ್ನ ಮಗು ಉಳಿಯುತ್ತಿತ್ತಾ ಎಂದು ಹೊನ್ನಜ್ಜಿಯನ್ನು ಕೇಳಿಬಿಟ್ಟೆ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತಳು. ಹೂಂ ಎಂದಿದ್ದರೆ ನನ್ನ ಗತಿ ಏನಾಗುತ್ತಿತ್ತೋ, ಇವತ್ತಿಗೂ ಗೊತ್ತಿಲ್ಲ.

“ಇಲ್ಲ. ಎಂಟನೇ ದಿನ ನೋಡಕ್ಕೆ ಬಂದಿದ್ನಲ್ಲ, ಅವತ್ತೇ ಅದರ ತುಟಿ ನೀಲಿ ಇತ್ತು. ಹಾಲು ಕುಡಿಯೋವಾಗ ಎದೆಗೂಡು ಒಳಕ್ಕೆ ಎಳ್ಕತಿತ್ತು. ಹಂಗೆ ಹುಟ್ಟಿದ್ದು ನಿಲ್ಲಲ್ಲ. ಲಾರೀಲಿ ಹೋಗಿದ್ರೆ ದಾರೀಲೇ ಜೀವ ಹೋಗೋದು, ಅಷ್ಟೇಯ.”

ಅವತ್ತೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದಳು. ಅವಳೇನು ಡಾಕ್ಟರಲ್ಲ, ನನಗೆ ಗೊತ್ತು. ಆದರೂ ನಂಬಿದೆ. ಮರಿಯನ್ನು ನೀವೇ ಕೊಂದಿರಿ ಎಂದು ಮುಖಕ್ಕೆ ಹೇಳಿದ್ದ ಬಾಯಿ ಅದು. ಅದರಿಂದ ಬಂದ ‘ಇಲ್ಲ’ವನ್ನು ನಂಬದೆ ಇನ್ಯಾರದನ್ನು ನಂಬಲಿ? ಮಾರನೇ ದಿನ ಶಾಲೆಗೆ ಹೋದೆ.

ಎರಡು ವರ್ಷದ ಮೇಲೆ ನನಗೆ ಹಳೇಬೀಡಿನ ಕಡೆ ವರ್ಗವಾಯಿತು. ಹೊರಡುವ ದಿನ ಸೀಸೆಯನ್ನು ಹೊನ್ನಜ್ಜಿಗೇ ಕೊಟ್ಟೆ. ಆಮೇಲೆ ಕಣಕಟ್ಟೆಗೆ ಹೋದದ್ದು ಒಂದೇ ಸಲ, ಅವಳು ಹಾಸಿಗೆ ಹಿಡಿದಿದ್ದಾಳೆಂದು ಹಳೆಯ ಟೀಚರೊಬ್ಬರು ಹೇಳಿದ ಮೇಲೆ. ಮಗಳು ಲಕ್ಕಮ್ಮ ನನ್ನನ್ನು ಬಾಗಿಲಲ್ಲೇ ತಡೆದು, ಹೊಟ್ಟೆಯಲ್ಲಿ ಗಡ್ಡೆ, ಹಾಸನದ ಡಾಕ್ಟರು ಹದಿನೈದು ದಿನ ಅಂದವರೆ, ಅವ್ವನಿಗೆ ಹೇಳಿಲ್ಲ, ನೀವೂ ಹೇಳಬೇಡಿ ಎಂದು ಪಿಸುಗುಟ್ಟಿದಳು. ಕೊಟ್ಟಿಗೆ ಖಾಲಿಯಾಗಿತ್ತು. ಹೊನ್ನಜ್ಜಿ ಚಾಪೆಯ ಮೇಲೆ ಒಂದು ಹಿಡಿಯಾಗಿ ಮಲಗಿದ್ದಳು. ನನ್ನನ್ನು ಕಂಡು ಮಗಳನ್ನು ನೀರಿಗೆ ಕಳಿಸಿದಳು. ಅವಳು ಅತ್ತ ಹೋದ ಮೇಲೆ ನನ್ನ ಕೈ ಹಿಡಿದಳು.

“ಟೀಚರಮ್ಮ, ನಾನು ಎದ್ದೇಳ್ತೀನಾ?”

ಯಾರಿಗಾಗಿಯೂ ಮಾತು ಸಿಹಿ ಮಾಡದವಳು ಕೇಳುತ್ತಿದ್ದಳು. ನಾನು, “ಏಳ್ತೀರ ಅಜ್ಜಿ, ಯುಗಾದಿ ಹೊತ್ತಿಗೆ ಓಡಾಡ್ತೀರ” ಎಂದೆ. ಅವಳು ಪ್ರಶ್ನೆ ಮುಗಿಸುವ ಮೊದಲೇ ಎಂದೆನೋ ಏನೋ.

ಅವಳು ನನ್ನ ಮುಖ ನೋಡಿದಳು. ಕೈ ಬಿಟ್ಟಳು.

“ಎಲ್ರೂ ಹಂಗೇ ಅಂತಾರೆ. ನಿಮ್ಮುನ್ನ ಕೇಳಾಣ ಅಂತ ಕಾಯ್ತಿದ್ದೆ.”

ಬಸ್ಸಿಗೆ ಹೊತ್ತಾಗುತ್ತೆ, ಹೋಗಿ ಎಂದು ಗೋಡೆಯ ಕಡೆ ಹೊರಳಿದಳು. ಹೋದೆ. ಬಸ್ಸು ಬಂದದ್ದು ಮುಕ್ಕಾಲು ಗಂಟೆ ತಡವಾಗಿ. ನಿಂತ ಜಾಗದಿಂದ ಅವಳ ಮನೆ ಬಾಗಿಲು ಕಾಣುತ್ತಿತ್ತು; ವಾಪಸು ಹೋಗಿ ನಿಜ ಹೇಳಿ ಬರುವಷ್ಟು ಹೊತ್ತು ಇತ್ತು. ನಾನು ಹೋಗಲಿಲ್ಲ.